ಚಿಗವ್ವನ ಡಬ್ಬಿ

ಮುಚ್ಚಳ ತೆಗೆದ ಕೂಡಲೇ ಕರ್ಪೂರ, ವಿಭೂತಿ ಮತ್ತು ಹಳೇ ಬಿಸ್ಕೀಟಿನ ವಾಸನೆ ಒಟ್ಟಿಗೇ ಮೂಗಿಗೆ ಬಡಿಯಿತು. ಆ ಬಿಸ್ಕೀಟು ತಿಂದು ಮುಗಿಸಿ ಇಪ್ಪತ್ತು ವರ್ಷವಾದರೂ ಆಗಿರಬೇಕು, ವಾಸನೆ ಮಾತ್ರ ತಗಡಿಗೆ ಅಂಟಿಕೊಂಡೇ ಕೂತಿದೆ. ಡಬ್ಬಿ ನನ್ನ ಚಿಗವ್ವನದು, ಅಂದರೆ ನನ್ನ ಕಾಕಾನ ಹೆಂಡತಿಯದು. ಅವಳು ತೀರಿಕೊಂಡು ಆರು ವರ್ಷವಾಯಿತು. ಅಂದಿನಿಂದ ಅಟ್ಟದ ಮೇಲೇ ಇದ್ದ ಈ ಡಬ್ಬಿ ಕೆಳಗಿಳಿಯಲು ನನ್ನ ಕಾಲು ಮುರಿಯಬೇಕಾಯಿತು.

ಕಾಲು ಮುರಿದ ಕಥೆಯನ್ನು ನೀವು ಕೇಳದಿದ್ದರೇ ಒಳ್ಳೆಯದು. ಆದರೂ ಹೇಳಿಬಿಡುತ್ತೇನೆ, ಹೇಗಿದ್ದರೂ ಅರ್ಧ ಧಾರವಾಡಕ್ಕೆ ಗೊತ್ತಾಗಿದೆ. ನಾನು ಹುಬ್ಬಳ್ಳಿಯ ಒಂದು ಹತ್ತಿ ಪೇಢಿಯ ಏಜಂಟ. ಒಟ್ಟಿದ್ದ ಹತ್ತಿಯ ಅಂಡಿಗೆಗಳ ಮೇಲೆ ಹತ್ತಿ ನಿಂತು, ಕೆಳಗಿನ ಹಮಾಲರಿಗೆ ಜೋರಾಗಿ ಬುದ್ಧಿ ಹೇಳುತ್ತಿದ್ದಾಗ ಕಾಲು ಜಾರಿತು. ಹತ್ತಿಯ ಮೇಲಿಂದ ಬಿದ್ದು ಎಲುಬು ಮುರಿದುಕೊಂಡವನು ಈ ಭೂಮಿಯ ಮೇಲೆ ನಾನೊಬ್ಬನೇ ಇರಬೇಕು. ನೋಡಲು ಬಂದವರೆಲ್ಲ ಮೊದಲು ಮುಖ ಸಣ್ಣದು ಮಾಡುತ್ತಾರೆ. ಆಮೇಲೆ "ಹತ್ತಿ ಮ್ಯಾಲಿಂದ ಬಿದ್ರೇನ್ರಿ?" ಎಂದು ಕೇಳಿ ಮೀಸೆಯೊಳಗೇ ನಗುತ್ತಾರೆ.

ಮೂರು ತಿಂಗಳು ಹಾಸಿಗೆ ಬಿಡಬಾರದು ಎಂದರು ಡಾಕ್ಟರು. ನನ್ನ ಕಾಲುಗಳಿಗೋ ಮನೆಯ ರೂಢಿಯೇ ಇಲ್ಲ. ಇಂದು ಗುಂಟೂರು, ನಾಳೆ ಕೊಯಮತ್ತೂರು, ನಾಡಿದ್ದು ಮುಂಬೈ ಎಂದು ಹದಿನೈದು ವರ್ಷ ತಿರುಗಿದ ಮನುಷ್ಯ ನಾನು. ಧಾರವಾಡದ ಸ್ಟೇಶನ್ನಿನಿಂದ ಗಾಡಿಯ ಸೀಟಿ ಕೇಳಿದರೆ ಪ್ಲಾಸ್ಟರಿನೊಳಗಿನ ಕಾಲು ತುರಿಸತೊಡಗುತ್ತದೆ. ರೈಲ್ವೆ ಟೈಮ್‌ಟೇಬಲ್ಲನ್ನು ಎದೆಯ ಮೇಲಿಟ್ಟುಕೊಂಡು, ಇಷ್ಟೊತ್ತಿಗೆ ಆ ಗಾಡಿ ಲೋಂಡಾ ಮುಟ್ಟಿತು, ಈ ಗಾಡಿ ಗದಗ ಬಿಟ್ಟಿತು ಎಂದು ಬಾಯಲ್ಲೇ ಪ್ರವಾಸ ಮಾಡುತ್ತಿದ್ದೆ. ಎಂಟು ದಿನ ಸಹಿಸಿಕೊಂಡ ನನ್ನ ಹೆಂಡತಿ ಟೈಮ್‌ಟೇಬಲ್ಲನ್ನು ಕಸಿದುಕೊಂಡು ಅಟ್ಟದ ಮೇಲಿನ ಡಬ್ಬಿಯನ್ನು ತಂದು ತೊಡೆಯ ಮೇಲಿಟ್ಟಳು.

"ಇದನ್ನರ ಹಸನ ಮಾಡ್ರಿ. ಕೈಗೆ ಏನರ ಕೆಲಸ ಇರ್ಲಿ" ಎಂದಳು.

ಚಿಗವ್ವನ ವಿಷಯ ಹೇಳದೆ ಡಬ್ಬಿಯ ವಿಷಯ ಹೇಳಿದರೆ ನಿಮಗೆ ತಿಳಿಯುವುದಿಲ್ಲ. ಅಮ್ಮಿನಬಾವಿಯಿಂದ ಹನ್ನೊಂದನೆಯ ವಯಸ್ಸಿಗೆ ಚಕ್ಕಡಿಯಲ್ಲಿ ಮಲಗಿಸಿಕೊಂಡು ನಮ್ಮ ಮನೆಗೆ ಅವಳನ್ನು ಕರೆತಂದರಂತೆ. ದಾರಿಯುದ್ದಕ್ಕೂ ನಿದ್ದೆ ಹೊಡೆದೆ, ಏನೂ ನೋಡಲಿಲ್ಲ ಎಂದು ಕೊನೆಯವರೆಗೂ ಹಳಹಳಿಸುತ್ತಿದ್ದಳು. ಕಾಕಾ ಬೇಗ ತೀರಿಕೊಂಡ. ಮಕ್ಕಳಿರಲಿಲ್ಲ. ತಂದೆತಾಯಿಗಳನ್ನು ಕಳೆದುಕೊಂಡಿದ್ದ ನನ್ನನ್ನು ಬೆಳೆಸಿದವಳು ಅವಳೇ. ಮನೆಯಲ್ಲಿ ನನ್ನ ಅಜ್ಜಿ ಇದ್ದಳು, ಕಣ್ಣು ಪೂರಾ ಹೋಗಿತ್ತು. ಚಿಗವ್ವನ ದನಿ ಹತ್ತು ನಿಮಿಷ ಕೇಳಿಸದಿದ್ದರೆ "ಎಲ್ಲಿ ಹೋದ್ಲು?" ಎಂದು ಅಳಲು ಸುರು. ಬೇರೆಯವರು ಕೊಟ್ಟ ಅನ್ನ ಬಾಯಿಗಿಡುತ್ತಿರಲಿಲ್ಲ. ಒಮ್ಮೆ ನನ್ನ ಹೆಂಡತಿ ಹಟ ಹಿಡಿದು, "ಶ್ರೀಶೈಲಕ್ಕ ಹೋಗಿ ಬರ್ರಿ ಅತ್ತಿ, ಎಂಟು ದಿನ ನಾ ನೋಡ್ಕೋತೀನಿ" ಎಂದು ಗಂಟು ಕಟ್ಟಿಸಿದಳು. ಅದು ಕಿವಿಗೆ ಬಿದ್ದ ದಿನದಿಂದ ಅಜ್ಜಿ ಎರಡು ದಿನ ನೀರೂ ಮುಟ್ಟಲಿಲ್ಲ. ಚಿಗವ್ವ ಗಂಟು ಬಿಚ್ಚಿ ಸೀರೆಗಳನ್ನು ಮತ್ತೆ ಗಳುವಿನ ಮೇಲೆ ಹಾಕಿದಳು. ಅದರ ಮಾತು ಮತ್ತೆಂದೂ ಆಡಲಿಲ್ಲ.

ತಾನು ಹೋಗದ ಊರುಗಳನ್ನು ಅವಳು ಹೋಗುವವರ ಕೈಯಿಂದ ತರಿಸಿಕೊಳ್ಳುತ್ತಿದ್ದಳು. ಓಣಿಯಲ್ಲಿ ಯಾರು ಎಲ್ಲಿಗೇ ಹೊರಟರೂ ಬಟ್ಟಲಲ್ಲಿ ಮೊಸರು ಹಿಡಿದು ಹೊಸ್ತಿಲಲ್ಲಿ ನಿಲ್ಲುವಳು. ಹೊರಟವರ ಅಂಗೈಗೆ ಒಂದು ಚಮಚೆ ಮೊಸರು, ಮೇಲೆ ಚಿಟಿಕೆ ಸಕ್ಕರೆ. ಅದನ್ನು ನೆಕ್ಕಿ ಹೋದವರು ಸುಖವಾಗಿ ಮನೆಗೆ ತಿರುಗಿ ಬರುತ್ತಾರೆಂದು ನಮ್ಮ ಕಡೆಯ ನಂಬಿಕೆ. ಆಮೇಲೆ ಮೆಲ್ಲಗೆ, "ಬರೂ ಮುಂದ ಅಲ್ಲೀದು ಏನರ ಒಂದು ತರ್ರಿ. ಕಲ್ಲರೆ ಆಗ್ಲಿ" ಎನ್ನುವಳು. ಹಾಗೆ ಬಂದವು ಗೋವೆಯ ಚಿಪ್ಪು, ಮುಂಬೈ ಟ್ರಾಮಿನ ತಿಕೀಟು, ಶ್ರೀಶೈಲದ ವಿಭೂತಿಗಟ್ಟಿ, ವಿಜಾಪುರದ ಇಟ್ಟಿಗೆಯ ಚೂರು. ಮಜ್ಜಿಗೆ ಮಾರಲು ಬರುತ್ತಿದ್ದ ಹೆಂಗಸು ಒಮ್ಮೆ ಚೇಷ್ಟೆಗೆ ಇಲ್ಲೇ ಹತ್ತಿರದ ಅಮ್ಮಿನಬಾವಿಯ ಒಂದು ಹುಣಸೆಬೀಜ ತಂದುಕೊಟ್ಟಳು. ಚಿಗವ್ವ ಅದನ್ನೂ ಕಣ್ಣಿಗೊತ್ತಿಕೊಂಡು ಇಟ್ಟುಕೊಂಡಳು. ನಾನು ನಕ್ಕಾಗ, "ಊರಂದ್ರ ಊರ ಅಲ್ಲೇನೋ ತಮ್ಮಾ. ದೂರಾದ್ರೇನು, ಸನೇದ್ದಾದ್ರೇನು?" ಎಂದಿದ್ದಳು.

ಅವಳಿಗೆ ಓದುಬರಹ ಬರುತ್ತಿರಲಿಲ್ಲ. ತಂದುಕೊಟ್ಟವರದೇ ಹಳೇ ಅರಿವೆಯ ತುಂಡೊಂದನ್ನು ಬೇಡಿ ತಂದು, ಅದರಲ್ಲಿ ವಸ್ತುವನ್ನು ಗಂಟು ಕಟ್ಟಿಡುವಳು. ಹಸಿರು ಕುಪ್ಪಸದ ತುಂಡು ಎಂದರೆ ಪಕ್ಕದ ಮನೆಯ ಗಂಗವ್ವ, ಅವಳು ಹೋದ ಗೋವೆ. ಧೋತರದ ಅಂಚು ಎಂದರೆ ದಲಾಲಿ ಮುದುಕ, ಅವನ ಶ್ರೀಶೈಲ. ಅವಳ ಮಟ್ಟಿಗೆ ಆ ಚಿಂದಿಗಳೇ ಅಕ್ಷರ.

ಇಷ್ಟೆಲ್ಲ ಗೊತ್ತಿದ್ದ ನಾನು ಮಾಡಿದ್ದೇನು ಕೇಳಿ. ಡಬ್ಬಿ ತೊಡೆಗೆ ಬಂದ ಮೊದಲ ದಿನ, ಕಿವಿಯನ್ನು ಗಾಡಿಯ ಸೀಟಿಯ ಕಡೆ ಇಟ್ಟುಕೊಂಡು, ಶೇಂಗಾ ಸುಲಿದ ಹಾಗೆ ಎಲ್ಲ ಗಂಟುಗಳನ್ನೂ ಬಿಚ್ಚಿ ಸಾಮಾನನ್ನು ಹಾಸಿಗೆಯ ಮೇಲೆ ಸುರುವಿದೆ. ಚಿಂದಿಗಳನ್ನು ಮುದ್ದೆ ಮಾಡಿ, "ಹೊಲಸಾಗ್ಯಾವ, ಒಗ್ದು ಹಾಕು" ಎಂದು ಹೆಂಡತಿಗೆ ಕೊಟ್ಟೆ. ಅವು ಒಗೆಸಿಕೊಂಡು ಹಗ್ಗದ ಮೇಲೆ ಸಾಲಾಗಿ ಒಣಗುತ್ತಿದ್ದಾಗ ನನ್ನ ಕಣ್ಣು ಹಾಸಿಗೆಯ ಮೇಲಿನ ಎರಡು ಕಲ್ಲುಗಳ ಮೇಲೆ ಬಿತ್ತು.

ಒಂದು ಕಲ್ಲು ನನ್ನ ಸುಳ್ಳು. ಇನ್ನೊಂದು ಚಿಗವ್ವನ ಜೀವಮಾನದ ಒಂದೇ ಪ್ರವಾಸ. ಎರಡೂ ಕಂದುಗೆಂಪು, ಎರಡಕ್ಕೂ ನಡುವೆ ಬಿಳಿ ಗೆರೆ. ಯಾವುದು ಯಾವುದೆಂದು ಹೇಳುತ್ತಿದ್ದ ಚಿಂದಿಗಳು ಹಗ್ಗದ ಮೇಲೆ ಗಾಳಿಗೆ ಆಡುತ್ತಿದ್ದವು.

ಸುಳ್ಳಿನ ಕಥೆ ಮೊದಲು ಹೇಳುತ್ತೇನೆ. ನಾವು ಮುಂಬೈ ಪ್ರಾಂತ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ ಪೇಢಿಯವರು ನನ್ನನ್ನು ಕೊಯಮತ್ತೂರಿಗೆ ಕಳಿಸಿದರು. ಕೆಲಸ ಮುಗಿದ ಮೇಲೆ ನಾಲ್ಕು ದಿನ ಬಿಡುವಿತ್ತು. ಕನ್ಯಾಕುಮಾರಿಗೆ ಹೋಗಿಬರುತ್ತೇನೆಂದು ಮನೆಯಲ್ಲಿ ಡಂಗುರ ಸಾರಿದ್ದೆ. ಚಿಗವ್ವನಿಗೆ ಹಿಗ್ಗೇ ಹಿಗ್ಗು. "ಅಲ್ಲಿ ನೆಲಾ ಮುಗೀತೈತಂತಲ್ಲೋ ತಮ್ಮಾ? ನೆಲಾ ಮುಗಿಯೂದು ಅಂದ್ರ ಹೆಂಗಿರ್ತೈತಿ? ತುದೀ ಕಲ್ಲು ಒಂದು ತಾ" ಎಂದು ಎರಡು ಚಮಚೆ ಮೊಸರು ಹಾಕಿದ್ದಳು. ನಾನು ಮಾಡಿದ್ದೇನೆಂದರೆ, ಕೊಯಮತ್ತೂರಿನ ವಸತಿಗೃಹದಲ್ಲಿ ಗುಂಟೂರಿನ ಇಬ್ಬರು ಏಜಂಟರ ಜೊತೆ ನಾಲ್ಕೂ ದಿನ ಇಸ್ಪೀಟು ಆಡಿದೆ. ತಿರುಗಿ ಬರುವಾಗ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೊರಟ ಬಸ್ಸು ರಾಯಾಪುರದ ಹತ್ತಿರ ಪಂಕ್ಚರ್ ಆಯಿತು. ಎಲ್ಲರೂ ಇಳಿದು ನಿಂತೆವು. ಆಗ ಚಿಗವ್ವನ ನೆನಪಾಯಿತು. ಕಾಲ ಬುಡದಲ್ಲಿದ್ದ ಕಲ್ಲೊಂದನ್ನು ಎತ್ತಿ ಕಿಸೆಗೆ ಹಾಕಿಕೊಂಡೆ.

ಅಷ್ಟಕ್ಕೇ ಬಿಡಬಹುದಿತ್ತು. ಆದರೆ ಸುಳ್ಳು ಹೇಳುವವನಿಗೆ ಅಲಂಕಾರದ ಚಪಲ. "ಈ ಬಿಳೀ ಗೆರಿ ಐತಲ್ಲ ಚಿಗವ್ವ, ಅದು ಸಮುದ್ರದ ನೊರಿ ಬಡದ ಗುರುತು" ಎಂದುಬಿಟ್ಟೆ. ಅವಳು ಆ ಗೆರೆಯ ಮೇಲೆ ಬೆರಳಾಡಿಸಿದ ರೀತಿ ಈಗಲೂ ಕಣ್ಣೆದುರಿಗಿದೆ. ನನ್ನ ನೀಲಿ ಪಟ್ಟೆಯ ಅಂಗಿಯ ತೋಳಿನಿಂದ ತುಂಡು ಹರಿದು ಕಲ್ಲನ್ನು ಕಟ್ಟಿದಳು. ಮನೆಗೆ ಬಂದವರಿಗೆಲ್ಲ ಬಿಚ್ಚಿ ತೋರಿಸುವಳು, ಕಣ್ಣಿಲ್ಲದ ಅಜ್ಜಿಯ ಬೆರಳು ಹಿಡಿದು ಗೆರೆಯ ಮೇಲೆ ಎಳೆಯುವಳು. ನನ್ನ ಮಗಳು ಗಿರಿಜಾ ಆಗ ಐದು ವರ್ಷದವಳು. ಚಿಗವ್ವನನ್ನು ಅವಳು ಸಣ್ಣಾಯಿ ಅನ್ನುತ್ತಿದ್ದಳು. ಆ ಕಲ್ಲು ಕಿವಿಗಿಟ್ಟುಕೊಂಡು ಸಮುದ್ರ ಕೇಳುತ್ತೇವೆಂದು ಇಬ್ಬರೂ ಮಧ್ಯಾಹ್ನವೆಲ್ಲ ಕೂತಿರುತ್ತಿದ್ದರು.

ಮುಂದೆ ಅಜ್ಜಿ ತೀರಿಕೊಂಡಳು. ಅವಳ ದಿನಕಾರ್ಯಗಳೆಲ್ಲ ಮುಗಿದ ಮೇಲೆ ಚಿಗವ್ವ ನನ್ನ ಹತ್ತಿರ ಬಂದು ಕೂತು, "ಇನ್ನ ಹೋಗೋಣೇನೋ ತಮ್ಮಾ? ಆ ಕಲ್ಲು ಜೋಡೀಲೆ ಒಯ್ದು, ಯಾವ ಜಾಗಾದಾಗ ಇತ್ತು ಅನ್ನೂದನ್ನ ತೋರಿಸು" ಎಂದಳು. ಹತ್ತಿ ಸುಗ್ಗಿ ಮುಗಿಯಲಿ ಎಂದೆ. ಸುಗ್ಗಿ ಮುಗಿದ ಮೇಲೆ ಬಿಸಿಲು ಇಳಿಯಲಿ ಎಂದೆ. ಬಿಸಿಲು ಇಳಿದ ಮೇಲೆ ಮಳೆ ನಿಲ್ಲಲಿ ಎಂದೆ. ಎಲ್ಲವೂ ನೆಪ. ಕನ್ಯಾಕುಮಾರಿಯಲ್ಲಿ ನಿಂತು ಆ ಕಲ್ಲು ಇಲ್ಲಿಯದಲ್ಲವೆಂದು ಅವಳಿಗೆ ಗೊತ್ತಾದರೆ ಮುಖ ಹೇಗೆ ತೋರಿಸಲಿ ಎನ್ನುವುದೇ ನನ್ನ ಹೆದರಿಕೆ. ನನ್ನ ಮರ್ಯಾದೆ ಉಳಿಯಲೆಂದು ಅವಳನ್ನು ಮನೆಯಲ್ಲೇ ಕೂರಿಸಿದೆ. ಇದನ್ನು ಈ ಡಬ್ಬಿ ಕೆಳಗಿಳಿಯುವವರೆಗೆ ಯಾರಿಗೂ ಹೇಳಿರಲಿಲ್ಲ.

ಮಳೆ ನಿಲ್ಲುವುದರೊಳಗೆ ಅವಳಿಗೆ ಹೊಟ್ಟೆನೋವು ಸುರುವಾಯಿತು. ಹುಬ್ಬಳ್ಳಿಯ ದೊಡ್ಡ ದವಾಖಾನೆಗೆ ಒಯ್ಯಿರಿ ಎಂದರು. ಪೇಢಿಯ ಸಾವುಕಾರರು ಕಾರು ಕಳಿಸಿದರು. ಹೊಸ್ತಿಲು ದಾಟುವ ಮುಂಚೆ ಚಿಗವ್ವ ನಿಂತು ಬಲಗೈ ಚಾಚಿದಳು. ನಡೆಯಲಾರದೆ ಆಸರೆ ಕೇಳುತ್ತಿದ್ದಾಳೆಂದು ನನ್ನ ಹೆಂಡತಿ ಆ ಕೈ ಹಿಡಿದುಕೊಂಡಳು. ಚಿಗವ್ವ ಹಾಗೇ ಹೊಸ್ತಿಲು ದಾಟಿದಳು. ಅಂಗೈ ಮೇಲ್ಮುಖವಾಗಿತ್ತು ಎನ್ನುವುದು ನನಗೆ ಎಷ್ಟೋ ದಿನಗಳ ಮೇಲೆ ಹೊಳೆಯಿತು. ಓಣಿಯವರಿಗೆಲ್ಲ ಮೊಸರು ಹಾಕಿ ಕಳಿಸಿದವಳಿಗೆ ಅಂದು ಯಾರೂ ಮೊಸರು ಹಾಕಲಿಲ್ಲ.

ಸತ್ತೂರ ದಾಟಿದಾಗಿನಿಂದ ಅವಳು ನೋವನ್ನೂ ಮರೆತು ಕಿಡಕಿಗೆ ಮುಖವಿಟ್ಟಿದ್ದಳು. ಗಿಡ ಕಂಡರೆ ಗಿಡ, ಎಮ್ಮೆ ಕಂಡರೆ ಎಮ್ಮೆ, ಎಲ್ಲವೂ ಅವಳಿಗೆ ಹೊಸದು. ರಾಯಾಪುರದ ಹತ್ತಿರ ಕಾರಿನ ಇಂಜಿನ್ ಕಾಯ್ದು ನಿಂತಿತು. ಡ್ರೈವರ್ ನೀರು ತರಲು ಹೋದ. ಚಿಗವ್ವ ಬಾಗಿಲು ತೆಗೆಸಿ, ಕಾಲು ಕೆಳಗಿಟ್ಟು, ರಸ್ತೆಯ ಅಂಚಿನ ಕಲ್ಲುಗಳನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಬಗ್ಗಿದಳು. ನಾನು ಸಹಾಯಕ್ಕೆ ಹೋದರೆ, "ನೀ ಮುಟ್ಟಬ್ಯಾಡ" ಎಂದು ತಾನೇ ಒಂದನ್ನು ಆರಿಸಿ ಎತ್ತಿಕೊಂಡಳು.

"ಇದಕ್ಕೂ ನೊರಿ ಬಡದೈತಲ್ಲೋ ತಮ್ಮಾ. ಇಲ್ಲೀಮಟಾ ಬಂದಿತ್ತೇನು ಸಮುದ್ರ?"

ಅವಳ ಮುಖ ನೋಡಿದೆ. ಅದರಲ್ಲಿ ಕುಹಕವಿರಲಿಲ್ಲ, ಸಿಟ್ಟೂ ಇರಲಿಲ್ಲ. ಹೇಳಿಬಿಡಲು ಅದಕ್ಕಿಂತ ಒಳ್ಳೆಯ ಗಳಿಗೆ ಬೇರೆ ಸಿಗುತ್ತಿರಲಿಲ್ಲ. "ಬಂದಿದ್ದೀತು" ಎಂದೆ ನಾನು.

"ಇರ್ಲಿ. ಇದು ಯಾರೂ ತಂದುಕೊಟ್ಟಿದ್ದಲ್ಲ. ನಾನ ತಂದದ್ದು" ಎಂದು ಕಲ್ಲನ್ನು ಸೆರಗಿಗೆ ಕಟ್ಟಿಕೊಂಡಳು. ಹನ್ನೊಂದನೆಯ ದಿನ ದವಾಖಾನೆಯಲ್ಲಿ ತೀರಿಕೊಂಡಳು. ದಿಂಬಿನ ಕೆಳಗೆ ಆ ಕಲ್ಲು ಅವಳದೇ ಇಳಕಲ್ ಸೀರೆಯ ತುಂಡಿನಲ್ಲಿ ಗಂಟಾಗಿತ್ತು. ಹಾಗೇ ತಂದು ಡಬ್ಬಿಗೆ ಹಾಕಿ ಅಟ್ಟಕ್ಕೇರಿಸಿದ್ದೆ.

ಈಗ ಹಾಸಿಗೆಯ ಮೇಲಿನ ಸ್ಥಿತಿ ನಿಮಗೆ ತಿಳಿಯಿತಲ್ಲ. ನನ್ನ ಸುಳ್ಳನ್ನು ಕಿಡಕಿಯಿಂದ ಎಸೆದುಬಿಡಬೇಕೆಂದು ಮೂರು ದಿನ ಆ ಕಲ್ಲುಗಳನ್ನು ತಿರುಗಿಸಿ ಮುರುಗಿಸಿ ನೋಡಿದೆ. ತಪ್ಪಿ ಅವಳ ಕಲ್ಲು ಎಸೆದರೆ? ಮನೆಯಲ್ಲಿ ಕೂತು ನನಗೆ ಇನ್ನೂ ಎರಡು ವಾರವೂ ಆಗಿರಲಿಲ್ಲ, ಅಷ್ಟರಲ್ಲೇ ಊರೆಲ್ಲ ಕೇಳುವಂತೆ ಗೋಳಿಡುತ್ತಿದ್ದೆ. ಅವಳು ಇಡೀ ಆಯುಷ್ಯ ಕೂತಿದ್ದಳು. ಅದನ್ನು ನೆನೆದು ಅತ್ತೆ. ಹೆಂಡತಿ ಕಾಲುನೋವೆಂದು ತಿಳಿದು ಮಾತ್ರೆ ಕೊಟ್ಟಳು.

ನಾಲ್ಕನೆಯ ದಿನ ಗಿರಿಜಾ ಕಾಲೇಜಿನಿಂದ ಕುಣಿಯುತ್ತ ಬಂದಳು. ಈ ಸಲದ ಪ್ರವಾಸ ಕನ್ಯಾಕುಮಾರಿಗೆ.

"ಅಪ್ಪಾ, ಸಣ್ಣಾಯಿ ಕಲ್ಲು ಕೊಡು. ಅದನ್ನ ಒಯ್ದು ಅದರ ಊರು ತೋರಿಸ್ಕೊಂಡು ಬರ್ತೇನಿ. ಯಾವ್ದು ಇದರಾಗ?"

ಈ ಸಲ ಸುಗ್ಗಿಯ ನೆಪ ನಡೆಯುವಂತಿರಲಿಲ್ಲ. ಎಲ್ಲ ಹೇಳಿದೆ. ಇಸ್ಪೀಟಿನಿಂದ ಹಿಡಿದು, ಚಿಗವ್ವ ಮೊಸರಿಗೆಂದು ಚಾಚಿದ ಕೈ, ಒಗೆದ ಚಿಂದಿಗಳವರೆಗೆ. ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಹೆಂಡತಿ ತನ್ನ ಅಂಗೈ ತಿರುವಿ ಒಮ್ಮೆ ನೋಡಿಕೊಂಡು ಒಳಗೆ ಹೋದಳು.

"ರಾಯಾಪುರದ್ದು ಅಂತ ಹೇಳಿದ್ರ ಆಕಿ ಬ್ಯಾಡ ಅಂತಿದ್ಲೇನು ಅಪ್ಪಾ?" ಎಂದು ಗಿರಿಜಾ ಕೇಳಿದಳು. ಅಮ್ಮಿನಬಾವಿಯ ಹುಣಸೆಬೀಜ ಅಲ್ಲೇ ಹಾಸಿಗೆಯ ಮೇಲಿತ್ತು. ಅವಳು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಹೊರಡುವ ದಿನ ಮುಂಜಾನೆ ಕರವಸ್ತ್ರ ಹಿಡಿದು ಬಂದು, "ಎರಡೂ ಕೊಡು. ಯಾವ್ದರ ಒಂದು ಆಕೀದು ಇದ್ದ ಇರ್ತೈತಿ" ಎಂದಳು.

"ಅಲ್ಲೇ ಬಿಟ್ಟು ಬರ್ತಿಯೇನು?"

"ಯಾಕ ಬಿಡ್ಲಿ? ಹೋದಾಕಿ ತಿರುಗಿ ಮನೀಗೆ ಬರಬ್ಯಾಡೇನು?"

ಮೊಸರಿನ ಬಟ್ಟಲು ತರಿಸಿದೆ. ಹಾಸಿಗೆಯಲ್ಲಿ ಕೂತೇ ಮಗಳ ಅಂಗೈಗೆ ಒಂದು ಚಮಚೆ ಹಾಕಿದೆ. ಆಮೇಲೆ ಕರವಸ್ತ್ರ ಬಿಚ್ಚು ಎಂದೆ. ಅವಳು ಬಿಚ್ಚಿ ಮುಂದೆ ಹಿಡಿದಳು. ಎರಡು ಕಲ್ಲುಗಳ ಮೇಲೂ ಒಂದೊಂದು ತೊಟ್ಟು ಮೊಸರು, ಒಂದೊಂದು ಚಿಟಿಕೆ ಸಕ್ಕರೆ ಹಾಕಿದೆ.

"ನಿನಗೇನ್ ತರ್ಲಿ ಅಪ್ಪಾ?"

"ಏನೂ ಬ್ಯಾಡವ್ವಾ. ಎಲ್ಲಿಗೆ ಹೋಗಿದ್ದಿ, ಎಲ್ಲಿಗೆ ಹೋಗ್ಲಿಲ್ಲ ಅನ್ನೂದನ್ನ ಖರೇ ಹೇಳು. ಸಾಕು."

ಕಿಡಕಿಯಿಂದ ಟಾಂಗಾ ಹೋಗುವುದನ್ನು ನೋಡಿದೆ. ಚಿಗವ್ವ ನನ್ನನ್ನೂ ಹೀಗೇ ಹೊಸ್ತಿಲಲ್ಲಿ ನಿಂತು, ಖಾಲಿ ಬಟ್ಟಲು ಹಿಡಿದು, ತಿರುವಿನವರೆಗೂ ನೋಡುತ್ತಿದ್ದಳಂತೆ. ಇದು ಹೆಂಡತಿ ಹೇಳಿ ಗೊತ್ತು. ಗಿರಿಜಾ ತಿರುವಿನಲ್ಲಿ ಕತ್ತು ಹೊರಳಿಸಿ ಮನೆಯ ಕಡೆ ನೋಡಿದಳು. ನಾನು ಅಷ್ಟು ವರ್ಷಗಳಲ್ಲಿ ಒಮ್ಮೆಯೂ ಹಾಗೆ ನೋಡಿದವನಲ್ಲ.