ಅಪ್ಪನ ಈಸಿಚೇರಿನಲ್ಲಿ ಬಾಣಂತಿ

ನಾನು ಬಾಟಲಿ ಹಾಲು ಕುಡಿದು ಬೆಳೆದವಳು. ನಮ್ಮ ಬಳಗದಲ್ಲಿ ಇದು ಗುಟ್ಟೇನೂ ಅಲ್ಲ. ನನಗೆ ನೆಗಡಿಯಾದರೂ, ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದರೂ ಯಾರೋ ಒಬ್ಬ ಅತ್ತೆ "ಪಾಪ, ತಾಯಿ ಹಾಲು ಸಿಕ್ಕಿಲ್ಲ ನೋಡಿ" ಎಂದುಬಿಡುತ್ತಿದ್ದರು. ಆ ಮಾತು ಬಂದ ಕೂಡಲೇ ಅಮ್ಮ ಏನಾದರೂ ನೆಪ ಮಾಡಿಕೊಂಡು ಅಡುಗೆಮನೆಗೆ ಎದ್ದು ಹೋಗುತ್ತಿದ್ದಳು.

ಹೀಗಾಗಿ ಹೆರಿಗೆ ಮುಗಿಸಿಕೊಂಡು ನಾನು ಭದ್ರಾವತಿಯ ತವರಿಗೆ ಬಂದಾಗ ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಿದ್ದಳು. ತನ್ನ ಹಾಗೆ ಮಗಳಿಗೂ ಹಾಲು ಕಡಿಮೆಯಾಗಬಾರದು, ಅಷ್ಟೇ. ಬೆಳಿಗ್ಗೆ ತುಪ್ಪದಲ್ಲಿ ಹುರಿದ ಬೆಳ್ಳುಳ್ಳಿ, ಮಧ್ಯಾಹ್ನ ಸಬ್ಬಸಿಗೆ ಸೊಪ್ಪಿನ ಪಲ್ಯ, ಸಂಜೆ ಮೆಂತ್ಯದ ಗಂಜಿ, ನಡುನಡುವೆ ಲೇಹ್ಯ. ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು, ಹೊಟ್ಟೆಗೆ ಹಳೆಯ ಕಾಟನ್ ಸೀರೆಯ ಬಿಗಿ ಕಟ್ಟು. ಫ್ಯಾನ್ ಹಾಕುವಂತಿಲ್ಲ. ಶಿವಮೊಗ್ಗದ ಕಾಲೇಜಿನಲ್ಲಿ ಗಲಾಟೆ ಕ್ಲಾಸನ್ನು ಒಂದೇ ನೋಟದಲ್ಲಿ ಸುಮ್ಮನಾಗಿಸುತ್ತಿದ್ದವಳು ನಾನು. ಆ ಕೋಣೆಯಲ್ಲಿ ಹಿಡಿಯಷ್ಟಿದ್ದ ಮಗಳೆದುರು ಸೋತುಹೋದೆ.

ಅವಳು ಹಸಿದು ಅಳುವಳು. ಎದೆಗೆ ಹಾಕಿಕೊಂಡರೆ ನಾಲ್ಕು ಗುಟುಕು ಕುಡಿದು, ಕೆಮ್ಮಿ, ಬೆನ್ನು ಸೆಟೆಸಿ, ಮುಖ ಕೆಂಪಗೆ ಮಾಡಿಕೊಂಡು ಕಿರುಚುವಳು. ಮತ್ತೆ ಹಾಕಿಕೊಂಡರೆ ಮತ್ತೆ ಅದೇ ಕಥೆ. ನಾನೇ ಅವಳಿಗೆ ಬೇಡವಾಗಿದ್ದೇನೆ ಅನ್ನಿಸುತ್ತಿತ್ತು. ಅಂಥ ಅವಮಾನ ನನಗೆ ಜನ್ಮದಲ್ಲಿ ಯಾರಿಂದಲೂ ಆಗಿರಲಿಲ್ಲ.

"ಹಾಲು ಸಾಲ್ತಿಲ್ಲ ಕಣೇ, ಅದಕ್ಕೇ ಕೂಸಿಗೆ ಸಿಟ್ಟು," ಎಂದು ಅಮ್ಮ ಇನ್ನೊಂದು ಸೌಟು ಗಂಜಿ ಸುರಿಯುತ್ತಿದ್ದಳು. ನನ್ನ ರವಿಕೆ ಯಾವಾಗಲೂ ಒದ್ದೆಯಾಗಿರುತ್ತಿತ್ತು. ಅದಕ್ಕೂ ಅವಳ ಹತ್ತಿರ ಉತ್ತರವಿತ್ತು: ಎಲ್ಲ ಸೋರಿಹೋಗುತ್ತಿದೆ, ಇನ್ನು ಮಗುವಿಗೆ ಎಲ್ಲಿ ಉಳಿಯಬೇಕು.

"ನಂಗೇನು ಹಿಂಡಿ ಹಾಕ್ತಿದ್ದೀಯಾ ಅಮ್ಮ? ನಾನೇನು ಎಮ್ಮೆನಾ?" ಎಂದು ಒಂದು ದಿನ ತಟ್ಟೆ ತಳ್ಳಿದೆ.

"ಎಮ್ಮೆ ಆಗಿದ್ರೆ ಇಷ್ಟೊತ್ತಿಗೆ ಕರು ಕುಡ್ದು ಮಲಗಿರ್ತಿತ್ತು," ಎಂದು ಅಮ್ಮ ತಟ್ಟೆಯನ್ನು ಮತ್ತೆ ನನ್ನತ್ತ ಸರಿಸಿದಳು.

ತೂಕ ನೋಡಿಸಲು ಶಿವಮೊಗ್ಗಕ್ಕೆ ಹೋದರೆ ಮಗು ಇನ್ನೂ ಹುಟ್ಟಿದಾಗಿನ ತೂಕಕ್ಕೇ ಬಂದಿರಲಿಲ್ಲ. ಅವತ್ತು ಮಕ್ಕಳ ಡಾಕ್ಟರ ಬಾಗಿಲಲ್ಲಿ ಜಾತ್ರೆಯಷ್ಟು ಜನ. "ಇನ್ನೊಂದು ವಾರ ನೋಡೋಣ. ಆಗ್ಲೂ ಏರಿಲ್ಲ ಅಂದ್ರೆ ಪೌಡರ್ ಹಾಲು ಶುರು ಮಾಡೋಣ," ಎಂದು ಅವರು ಹೇಳಿ ಕಳಿಸಿದರು. ಶಿವಮೊಗ್ಗದಲ್ಲೇ ವಿದ್ಯಾನಗರದ ನಮ್ಮ ಮನೆಯಲ್ಲಿದ್ದ ನನ್ನ ಗಂಡ ಮುಂಜಾಗ್ರತೆಯ ಮನುಷ್ಯ. ಆ ಭಾನುವಾರವೇ ಡಬ್ಬಿ, ಬಾಟಲಿ ಎರಡನ್ನೂ ಹಿಡಿದು ಬಂದ. ಅಮ್ಮ ಅಳಿಯನಿಗೆ ಕಾಫಿ ಕೊಟ್ಟು, ಅವನ್ನು ಕಪಾಟಿನಲ್ಲಿ ಪಾತ್ರೆಗಳ ಹಿಂದೆ ಇಟ್ಟಳು. ಆಮೇಲೆ ನನ್ನ ಪಕ್ಕ ಬಂದು ಕೂತಳು.

"ನನ್ನ ಗತಿ ನಿಂಗೆ ಬರಬಾರ್ದು ಮಾರಾಯ್ತಿ," ಎಂದಳು.

ಆ ವಾರ ನಾನು ಮಾಡದ ಸರ್ಕಸ್ಸಿಲ್ಲ. ಚಕ್ಕಳಮಕ್ಕಳ ಹಾಕಿ ಕೂತೆ. ತೊಡೆಯ ಮೇಲೆ ದಿಂಬಿಟ್ಟುಕೊಂಡೆ, ದಿಂಬಿನ ಮೇಲೆ ಇನ್ನೊಂದು ದಿಂಬು ಪೇರಿಸಿದೆ. ಮೊಬೈಲಿನಲ್ಲಿ ವಿಡಿಯೊ ನೋಡಿ, ಸಿಟಿ ಬಸ್ಸಿನ ಕಂಡಕ್ಟರು ಚೀಲ ಸಿಕ್ಕಿಸಿಕೊಳ್ಳುವ ಹಾಗೆ ಮಗುವನ್ನು ಕಂಕುಳಡಿಯಲ್ಲಿ ಹಿಡಿದೆ. ಅದಕ್ಕೆ ಅವಳು ಸ್ವಲ್ಪ ಹೊತ್ತು ಒಪ್ಪಿದಳು. ಆಮೇಲೆ ಹಿಂದಿನ ಗೋಡೆಗೆ ಒದ್ದು ತಕರಾರು ತೆಗೆದಳು. ಮಲಗಿಕೊಂಡು ಕೊಡೋಣವೆಂದರೆ ಹಾಲು ಕಿವಿಗೆ ಹೋಗುತ್ತದೆ ಎಂದು ಅಮ್ಮ ಅಡ್ಡ ಬಂದಳು. ಹಿಂದಕ್ಕೆ ಒರಗೋಣವೆಂದರೆ ಹೊಟ್ಟೆಗೆ ಕಟ್ಟಿದ ಸೀರೆಯ ಗಂಟು ಬೆನ್ನಿಗೆ ಒತ್ತುತ್ತಿತ್ತು. "ಬಗ್ಗು, ಇನ್ನೂ ಸ್ವಲ್ಪ ಬಗ್ಗು, ಬಾಯಿಗೆ ಸಿಗ್ಬೇಕಲ್ಲ," ಎಂದು ಅಮ್ಮ ಹೇಳಿದಷ್ಟೂ ನಾನು ಮಗುವಿನ ಮೇಲೆ ಬಗ್ಗುತ್ತಿದ್ದೆ. ಬಗ್ಗಿ ಬಗ್ಗಿ ಕತ್ತು ಹಿಡಿದುಕೊಂಡಿತು. ನೋಡಲು ಬಂದವರೆಲ್ಲ ಒಂದೊಂದು ಸಲಹೆ ಕೊಟ್ಟು, ಕೊಬ್ಬರಿ ಸಕ್ಕರೆ ತಿಂದು ಹೋದರು. ಬಾಣಂತಿಯೆಂದರೆ ಬೀದಿಯವರಿಗೆಲ್ಲ ಬುದ್ಧಿ ಹೇಳಲು ಸಿಕ್ಕ ಸಾರ್ವಜನಿಕ ಆಸ್ತಿ ಎಂದು ನನಗೆ ಆಗಲೇ ಗೊತ್ತಾದದ್ದು.

ಕಾರ್ಖಾನೆಯಿಂದ ನಿವೃತ್ತರಾದ ಅಪ್ಪನಿಗೆ ನಡುಮನೆಯಲ್ಲೊಂದು ಕ್ಯಾನ್ವಾಸ್ ಬಟ್ಟೆಯ ಈಸಿಚೇರು ಇದೆ. ಅದರಲ್ಲಿ ಕೂತರೆ ಅರ್ಧ ಮಲಗಿದ ಹಾಗೆ. ಅವರು ಅದರಲ್ಲಿ ಪೇಪರ್ ಓದುವಾಗ ಬೇರೆ ಯಾರೂ ಅದರ ತಂಟೆಗೆ ಹೋಗುವುದಿಲ್ಲ. ಒಂದು ಮಧ್ಯಾಹ್ನ ಅಪ್ಪ ಮಾರ್ಕೆಟಿಗೆ ಹೋಗಿದ್ದರು, ಅಮ್ಮ ಹಿತ್ತಿಲಲ್ಲಿ ಮಗುವಿನ ಬಟ್ಟೆ ಹರವುತ್ತಿದ್ದಳು. ಮಗು ಅಳುತ್ತಲೇ ಇತ್ತು. ನನಗೆ ತಲೆ ಕೆಟ್ಟುಹೋಯಿತು. ಹೊಟ್ಟೆಯ ಸೀರೆ ಬಿಚ್ಚಿ ಎಸೆದೆ, ಸ್ಕಾರ್ಫು ಕಿತ್ತೆ, ನಡುಮನೆಗೆ ಬಂದು ಫ್ಯಾನ್ ಹಾಕಿ ಆ ಚೇರಿನಲ್ಲಿ ಬಿದ್ದುಕೊಂಡೆ. ಹಾಲು ಕೊಡುವ ಯೋಚನೆಯೇ ಇರಲಿಲ್ಲ. ಅಳು, ನಾನೂ ಅಳ್ತೀನಿ ಎಂದು ಅವಳನ್ನು ಎದೆಯ ಮೇಲೆ ಬೋರಲು ಹಾಕಿಕೊಂಡು ನಿಜಕ್ಕೂ ಅತ್ತುಬಿಟ್ಟೆ.

ಸ್ವಲ್ಪ ಹೊತ್ತಿಗೆ ಅವಳೇ ಮೊದಲು ಸುಮ್ಮನಾದಳು. ತಲೆಯನ್ನು ಆಚೀಚೆ ಆಡಿಸುತ್ತ, ಮೂಗಿನಿಂದ ತಡಕುತ್ತ, ಒಂದಿಷ್ಟು ಕೆಳಗೆ ಜಾರಿ ತಾನಾಗಿಯೇ ಬಾಯಿ ಹಾಕಿದಳು. ನಾನು ಕೆಮ್ಮಿಗೆ ಕಾಯುತ್ತ ಉಸಿರು ಬಿಗಿಹಿಡಿದೆ. ಕೆಮ್ಮು ಬರಲಿಲ್ಲ. ಗುಟುಕಿನ ಸದ್ದು ಮಾತ್ರ ಕೇಳುತ್ತಿತ್ತು, ನಿಧಾನಕ್ಕೆ, ಒಂದಾದ ಮೇಲೊಂದು. ಮೂಗಿನ ಮೇಲೆ ನೊಣ ಬಂದು ಕೂತರೂ ನಾನು ಕೈ ಎತ್ತಲಿಲ್ಲ. ಅಷ್ಟು ಸಂತೋಷ ನನಗೆ ಅವಳು ಹುಟ್ಟಿದಾಗಲೂ ಆಗಿರಲಿಲ್ಲ ಎಂದರೆ ಸುಳ್ಳಲ್ಲ.

ಅಮ್ಮ ಖಾಲಿ ಬಕೆಟ್ ಹಿಡಿದು ಒಳಗೆ ಬಂದಳು. ತಿರುಗುವ ಫ್ಯಾನು, ಬರಿ ತಲೆ, ಬಿಚ್ಚಿದ ಕಟ್ಟು, ಎಲ್ಲವನ್ನೂ ನೋಡಿ ಬೈಯಲು ಬಾಯಿ ತೆರೆದವಳು ಮಗುವನ್ನು ನೋಡಿ ಮುಚ್ಚಿದಳು. ಫ್ಯಾನಿನ ವೇಗ ಕಡಿಮೆ ಮಾಡಿ, ಒಂದು ಟವೆಲ್ ತಂದು ನನ್ನ ಕಿವಿಯ ಸುತ್ತ ಹೊದಿಸಿ ಹೋದಳು. ಮಾರ್ಕೆಟಿನಿಂದ ಬಂದ ಅಪ್ಪ ಬಾಗಿಲಲ್ಲೇ ಪರಿಸ್ಥಿತಿ ಅರ್ಥ ಮಾಡಿಕೊಂಡು, ಪೇಪರ್ ತೆಗೆದುಕೊಂಡು ಜಗಲಿಗೆ ನಡೆದರು. ನನ್ನ ಬಾಣಂತನ ಮುಗಿಯುವವರೆಗೂ ಅವರ ಜಾಗ ಅದೇ ಆಯಿತು.

ಮುಂದಿನ ಸಲ ತೂಕ ಏರಿತ್ತು. ಡಾಕ್ಟರಿಗೂ ಅವತ್ತು ಪುರುಸೊತ್ತಿತ್ತು. ನಾನು ಅಮ್ಮನ ಗಂಜಿ, ಅಪ್ಪನ ಈಸಿಚೇರು ಎರಡರ ಕಥೆಯನ್ನೂ ಹೇಳಿದ ಮೇಲೆ, ಮೊದಲು ಕೊಡುತ್ತಿದ್ದ ಹಾಗೆ ಒಮ್ಮೆ ಕೊಟ್ಟು ತೋರಿಸಿ ಎಂದರು. ಬಗ್ಗಿ ಕೊಟ್ಟೆ. ಮಗು ಕೆಮ್ಮಿ ಬಾಯಿ ಬಿಟ್ಟಿತು. ಹಾಲು ಅದರ ಮುಖಕ್ಕೆಲ್ಲ ಚಿಮ್ಮಿತು.

"ಹಾಲು ಕಮ್ಮಿ ಅಂತ ಯಾರು ಹೇಳಿದ್ದು? ಜಾಸ್ತಿ ಇದೆ, ಜೋರಾಗೂ ಬರ್ತಿದೆ," ಎಂದರು ಅವರು. "ನುಂಗಿ ಉಸಿರಾಡೋಕೆ ಮಗುಗೆ ಟೈಮೇ ಸಿಗ್ತಿಲ್ಲ. ಹಿಂದಕ್ಕೆ ಒರಗಿ ಕೊಟ್ರೆ ಅಷ್ಟು ರಭಸ ಇರಲ್ಲ. ಮೆಂತ್ಯ, ಸಬ್ಬಸಿಗೆ ಎಲ್ಲಾ ಊಟಕ್ಕೆ ಎಷ್ಟು ಬೇಕೋ ಅಷ್ಟು ಸಾಕಮ್ಮ."

ಜೊತೆಗೆ ಬಂದಿದ್ದ ಅಮ್ಮ ಹೊರಡಲು ಎದ್ದವಳು ಬಾಗಿಲ ಹತ್ತಿರ ನಿಂತಳು. "ಡಾಕ್ಟ್ರೇ, ಹಾಲು ಇದ್ದೂ ಮಗು ಹೀಗೆ ಅಳುತ್ತಾ?"

"ಅಳುತ್ತಮ್ಮ. ಹಾಲಿಲ್ಲ ಅಂದ್ಕೊಂಡು ಎಷ್ಟೋ ಜನ ನಿಲ್ಸೇ ಬಿಡ್ತಾರೆ."

ವಾಪಸ್ ಬರುವಾಗ ಅಪ್ಪ ಕಾರು ಓಡಿಸುತ್ತಿದ್ದರು, ನಾವು ಮೂವರು ಹಿಂದಿನ ಸೀಟಿನಲ್ಲಿದ್ದೆವು. "ಕೇಳಿದ್ಯಾ ಅಮ್ಮ? ಇವತ್ತಿಂದ ಹಿಂಡಿ ಬಂದ್," ಎಂದು ಗೆದ್ದವಳ ಹಾಗೆ ಛೇಡಿಸಿದೆ. ತುಂಗಾ ಸೇತುವೆ ದಾಟಿತು, ವಿದ್ಯಾನಗರ ದಾಟಿತು. ಅಮ್ಮ ನನ್ನ ಮಡಿಲಲ್ಲಿದ್ದ ಮಗುವಿನ ಟೋಪಿಯನ್ನು ಸರಿಪಡಿಸುತ್ತಲೇ ಇದ್ದಳು.

"ನೀನೂ ಹಿಂಗೇ ಕೆಮ್ತಿದ್ದೆ," ಎಂದಳು ಕೊನೆಗೆ. "ನಾಲ್ಕು ಗುಟುಕು ಕುಡ್ದು ಬೆನ್ನು ಸೆಟೆಸ್ತಿದ್ದೆ. ನನ್ನ ರವಿಕೆನೂ ಒದ್ದೆ ಆಗ್ತಿತ್ತು. ನಿಮ್ಮಜ್ಜಿ ಹಾಲು ಸಾಲ್ತಿಲ್ಲ ಅಂದ್ರು, ಬಾಟ್ಲಿ ತರಿಸಿದ್ರು. ನಾನೂ ಹೂಂ ಅಂದೆ."

ಅಪ್ಪ ಕನ್ನಡಿಯಲ್ಲಿ ಒಮ್ಮೆ ಹಿಂದೆ ನೋಡಿ ಕಾರು ನಿಧಾನ ಮಾಡಿದರು. ಅಷ್ಟು ವರ್ಷ ಅಮ್ಮ ಅಡುಗೆಮನೆಗೆ ಎದ್ದು ಹೋಗುತ್ತಿದ್ದದ್ದೆಲ್ಲ ನನಗೆ ನೆನಪಾಯಿತು. ಅವಳ ಕೈ ಹಿಡಿದುಕೊಂಡೆ. ಅವಳು ಅಳುತ್ತಿರಲಿಲ್ಲ. ಎಂದೂ ಎಣಿಸದ ಒಂದು ಸುದ್ದಿ ಕೇಳಿದವಳ ಹಾಗೆ ಮಗುವಿನ ಬಾಯನ್ನೇ ನೋಡುತ್ತಿದ್ದಳು.

"ಹಂಗಾದ್ರೆ ನಂಗೂ ಹಾಲಿತ್ತು ಕಣೇ," ಎಂದಳು.