ಸಿದ್ರಾಮನ ಕೈ, ನನ್ನ ಎಡಗಿವಿ

ಹೋದ ವರ್ಷದ ಖಂಡೇನವಮಿಯಿಂದ ನನ್ನ ಎಡಗಿವಿಯಲ್ಲಿ ಒಂದು ಜೀರುಂಡೆ ಮನೆ ಮಾಡಿಕೊಂಡಿದೆ. ಹಗಲು ರಾತ್ರಿ ಒಂದೇ ರಾಗ. ಡಾಕ್ಟರು ಅದಕ್ಕೊಂದು ಉದ್ದನೆಯ ಹೆಸರು ಹೇಳಿ, ಹೋದದ್ದು ಹೋಯಿತು, ಉಳಿದ ಕಿವಿಯನ್ನು ಜೋಪಾನ ಮಾಡಿಕೊಳ್ಳಿ ಎಂದರು. ವಿಮಾ ಕಚೇರಿಯಲ್ಲಿ ಕುರ್ಚಿ ಸವೆಸಿ ನಿವೃತ್ತನಾದ ನನಗೆ ಸಿಟ್ಟು ಬರುತ್ತಿದ್ದುದು ಚಹಾ ತಣ್ಣಗಾದಾಗ ಮಾತ್ರ. ಈಗಿನದು ಆ ಜಾತಿಯ ಸಿಟ್ಟಲ್ಲ. ಇದಕ್ಕೆ ಹೆಸರು, ವಿಳಾಸ ಎರಡೂ ಇವೆ: ಅಕ್ಕಲಕೋಟೆಯಲ್ಲಿರುವ ನನ್ನ ಹೆಂಡತಿಯ ತಮ್ಮ, ಚಾದರ ವ್ಯಾಪಾರಿ ಸಿದ್ರಾಮ.

ನನ್ನ ಮಾವನವರ ಕಾಲದ ಲೈಸೆನ್ಸಿನ ಮೇಲೆ ಆ ಮನೆಯಲ್ಲಿ ಒಂದು ದೊಡ್ಡ ಬೋರಿನ ರಿವಾಲ್ವರ್ ಇದೆ. ವಳಸಂಗದಲ್ಲಿರುವ ಅವರ ಹೊಲದಲ್ಲಿ ಖಂಡೇನವಮಿಯ ದಿನ ಟ್ರ್ಯಾಕ್ಟರು, ಕುಡಗೋಲು, ಬಾವಿಯ ಮೋಟರು ಎಲ್ಲಕ್ಕೂ ಪೂಜೆ. ಅದಕ್ಕೂ ಮುಂಚೆ ಮಾವನವರು ಹಾಳುಬಾವಿಗೆ ಒಂದು ಗುಂಡು ಹೊಡೆಯುತ್ತಿದ್ದರು. ಕಾನೂನು ಇದನ್ನು ಒಪ್ಪುವುದಿಲ್ಲ, ನಾನೂ ಒಪ್ಪಿಲ್ಲ, ನಮ್ಮಿಬ್ಬರನ್ನೂ ಯಾರೂ ಕೇಳಿಲ್ಲ. ಗುಂಡು ಹಾರಿದೊಡನೆ ಮಾವನವರ ಕೈ ಹಣೆಯ ತನಕ ಎಗರುತ್ತಿತ್ತು. ಆಮೇಲೆ ಊಟದ ಹೊತ್ತಿನವರೆಗೂ ಮಣಿಕಟ್ಟು ಒತ್ತಿಕೊಳ್ಳುತ್ತ, "ಇನ್ನ ಬರೋ ವರ್ಷದ ತನಕ ಬ್ಯಾಡಪಾ ಇದು" ಎನ್ನುತ್ತಿದ್ದರು.

ಮಾವನವರು ತೀರಿಕೊಂಡ ಮೇಲೆ ರಿವಾಲ್ವರ್ ಹಿಡಿದ ಸಿದ್ರಾಮನಿಗೆ ಆ ಎಗರುವಿಕೆ ಅವಮಾನವೆನಿಸಿತು. ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ, ನಳಿಗೆಯ ಮೂತಿಗೆ ಕಾಂಪೆನ್ಸೇಟರ್ ಎಂಬ ಕಿಂಡಿ ಕಿಂಡಿಯ ಕೊಳವೆಯೊಂದನ್ನು ಹಾಕಿಸಿಕೊಂಡು ಬಂದ. ಯಾರ ಕೈಯಿಂದ ಹಾಕಿಸಿದ ಎಂದು ನಾನು ಕೇಳಲಿಲ್ಲ, ನೀವೂ ಕೇಳಬೇಡಿ. ಗುಂಡಿನ ಹಿಂದೆ ನುಗ್ಗುವ ಬಿಸಿ ಗಾಳಿ ಆ ಕಿಂಡಿಗಳಿಂದ ಮೇಲಕ್ಕೂ ಪಕ್ಕಕ್ಕೂ ಹೋಗುತ್ತದಂತೆ, ಮೂತಿ ಎಗರುವುದಿಲ್ಲವಂತೆ. ಗುಂಡುಗಳ ವಿಷಯಕ್ಕೆ ಬಂದರಂತೂ ಅವನು ಪೂರಾ ಅಂಗಡಿಯವನಾಗುತ್ತಿದ್ದ. ಗಿರಾಕಿಯ ಮುಂದೆ ಚಾದರ ಬಿಚ್ಚಿದ ಹಾಗೆ ಒಂದೊಂದಾಗಿ ಮೇಜಿನ ಮೇಲೆ ಇಡುತ್ತಿದ್ದ.

"ದಾಜಿ, ಇದು ಬರೇ ಸೀಸ. ಸಸ್ತಾ, ಆದ್ರ ಕಿಂಡ್ಯಾಗ ಮೆತ್ಕೊಂಡು ಘಾಣ, ಹೊಲಸು ಮಾಡ್ತದ. ಇದು ತಾಂಬ್ರದ ಜಾಕೀಟಿಂದು, ಏಕದಮ್ ಸಾಫ್. ಇದು ನೋಡ್ರಿ, ಮೂತಿ ಚಪ್ಪಟಿ, ಕಾಗದದಾಗ ಗುಂಡಗ ತೂತು ಬೀಳ್ತದ. ಹಗುರ ಗುಂಡು, ಮದ್ದು ಜಾಸ್ತಿ ಇದ್ರ ಕಾಂಪೆನ್ಸೇಟರ್ ಭಾರೀ ಕೆಲಸ ಮಾಡ್ತದ!"

ಅಕ್ಕನ ಗಂಡನಾದ್ದರಿಂದ ನಾನು ಅವನಿಗೆ ದಾಜಿ. ದಾಜಿಯಾದವನು ತಲೆಯಾಡಿಸಬೇಕು, ಆಡಿಸಿದೆ. ಆರತಿಯ ತಟ್ಟೆ ಹಿಡಿದು ಅವನ ಬಲಕ್ಕೆ ನಿಂತುಕೊಂಡೆ, ಪಕ್ಕಕ್ಕೆ ಹೋಗುವ ಗಾಳಿ ಯಾರ ಪಕ್ಕಕ್ಕೆ ಹೋಗುತ್ತದೆಂದು ಯೋಚಿಸುವಷ್ಟು ಬುದ್ಧಿಯಿಲ್ಲದೆ. ಸಿದ್ರಾಮ ಹೊಡೆದ. ನನ್ನ ತಲೆಯೊಳಗೆ ಯಾರೋ ತಗಡಿನ ಬಾಗಿಲನ್ನು ಒದ್ದು ಮುಚ್ಚಿದ ಹಾಗಾಯಿತು. ತಟ್ಟೆ ಕೆಳಗೆ ಬಿತ್ತು. ನೆಂಟರೆಲ್ಲ ಸಿದ್ರಾಮನ ಸುತ್ತ ಮುತ್ತಿಕೊಂಡು, "ಕೈ ಜರಾಸುದ್ದಾ ಅಲ್ಲಾಡ್ಲಿಲ್ಲ ನೋಡ್ರಿ!" ಎಂದು ಬೆನ್ನು ತಟ್ಟುತ್ತಿದ್ದರಂತೆ. ಅಂತೆ, ಯಾಕೆಂದರೆ ನನಗೆ ಬರೀ ಬಾಯಿಗಳು ಕಂಡವು.

ಅವತ್ತಿನಿಂದ ಯೋಚಿಸುತ್ತಿದ್ದೇನೆ. ಹಳೆಯ ರಿವಾಲ್ವರಿಗೆ ಒಂದು ನ್ಯಾಯವಿತ್ತು. ಹೊಡೆದವನಿಗೂ ಒಂದು ಏಟು ಕೊಡುತ್ತಿತ್ತು, ಅದಕ್ಕೇ ಮಾವನವರು ಒಂದಕ್ಕೆ ನಿಲ್ಲಿಸುತ್ತಿದ್ದರು. ಈ ಕೊಳವೆ ಆ ಏಟನ್ನು ಇಲ್ಲವಾಗಿಸುವುದಿಲ್ಲ, ಪಕ್ಕದಲ್ಲಿ ನಿಂತವನಿಗೆ ವರ್ಗಾಯಿಸುತ್ತದೆ. ಸೊಲ್ಲಾಪುರದ ನಮ್ಮ ಗಲ್ಲಿಯನ್ನೇ ನೋಡಿ. ಎದುರುಮನೆಯವರು ತಮ್ಮ ಕೋಣೆ ತಂಪಾಗಲೆಂದು ಏಸಿ ಹಾಕಿಸಿದ್ದಾರೆ, ಅದರ ಬಿಸಿ ಉಸಿರು ನಮ್ಮ ಅಡುಗೆಮನೆಯ ಕಿಟಕಿಗೆ. ಮೆರವಣಿಗೆಯ ಡಿಜೆಯವನು ಕಿವಿಗೆ ಹತ್ತಿ ಇಟ್ಟುಕೊಂಡು ಹಾಯಾಗಿ ಕೂತಿರುತ್ತಾನೆ, ನಮ್ಮ ಮನೆಯ ಪಾತ್ರೆಗಳು ಗೋಡೆಯ ಮಾಡದಿಂದ ಉದುರುತ್ತವೆ. ಎಲ್ಲರ ಕೈಯೂ ಸ್ಥಿರವಾಗಿದೆ. ಎಲ್ಲರಿಗೂ ಶಾಬಾಸ್‌ಗಿರಿ ಸಿಗುತ್ತಿದೆ. ಮೈ ಉರಿಯುತ್ತದೆ ನನಗೆ!

ಇನ್ನೊಂದು ಸಂಗತಿ ಹೇಳಿದರೆ ನೀವು ನಗಬಹುದು. ಅಕ್ಕಲಕೋಟೆಯ ಬಸ್ಸಿನಲ್ಲಿ ನನ್ನ ಹೆಂಡತಿ ಸುವರ್ಣಾ ಯಾವಾಗಲೂ ಎಡಗಡೆಯ ಕಿಟಕಿಗೆ ಕೂರುವವಳು. ಹೊರಗಿನ ಜೋಳ, ಕಬ್ಬು, ಹೊಸದಾಗಿ ಎದ್ದ ಮನೆ, ಎಲ್ಲದರ ಮೇಲೂ ಅವಳದೊಂದು ಟೀಕೆ ನನ್ನ ಎಡಗಿವಿಗೆ ಬೀಳುತ್ತಿತ್ತು. ಈಗ ಅವಳು ಕಿಟಕಿಯನ್ನು ನನಗೆ ಬಿಟ್ಟು ಬಲಕ್ಕೆ ಕೂರುತ್ತಾಳೆ, ನಡುವೆ ನಿಂತ ಜನರ ಚೀಲಗಳನ್ನು ನೋಡುತ್ತ. ಟೀಕೆಗಳು ಕಡಿಮೆಯಾಗಿವೆ. ಸಿದ್ರಾಮನನ್ನು ನಾನು ಕ್ಷಮಿಸದಿರುವುದು ಇದಕ್ಕೆ.

ಈ ವರ್ಷ ಹೋಗುವುದೇ ಇಲ್ಲ ಎಂದಿದ್ದೆ. ಸುವರ್ಣಾ ಹೊರಡಿಸಿದಳು. ಹೊಲದಲ್ಲಿ ಚಾದರದ ಮೇಲೆ ರಿವಾಲ್ವರ್ ಮಲಗಿತ್ತು. ಸಿದ್ರಾಮ, "ಈ ಸಲ ಮೂರು ಹೊಡೀತೀನಿ, ಮೂರು ನಮೂನಿ ಗುಂಡು" ಎಂದು ಘೋಷಿಸಿದ. ನಾನು ಬಾಯಿ ಬಿಟ್ಟೆ.

"ನನಗ ಉಳಿದದ್ದು ಒಂದ ಕಿವಿ, ಸಿದ್ರಾಮ."

"ದೂರ ನಿಂದರ್ರಿ ದಾಜಿ, ಕಾಯ್ ಹೋತ್ ನಾಹೀ!"

ಏನೂ ಆಗುವುದಿಲ್ಲವಂತೆ. ಅವನು ಗುಂಡು ತರಲು ಕಾರಿನ ಕಡೆ ಹೋದ. ಪೂಜೆಯ ತಟ್ಟೆ ಹಿಡಿದು ಕೂತಿದ್ದ ನನ್ನ ಅತ್ತೆ ಆ ಕೊಳವೆಯನ್ನು ಬೆರಳಿನಿಂದ ಮುಟ್ಟಿ, "ಈ ಕಿಂಡಿ ಯಾಕ?" ಎಂದು ಕೇಳಿದರು. ಅವನ ಕೈ ಅಲ್ಲಾಡದಿರಲಿ ಎಂದು ಸಪ್ಪಳವನ್ನು ಪಕ್ಕಕ್ಕೆ ಕಳಿಸುತ್ತದೆ ಎಂದೆ. ಅವರು ನನ್ನ ಎಡಗಿವಿಯನ್ನು ಒಮ್ಮೆ ನೋಡಿದರು. ಆಮೇಲೆ ಅರಿಶಿನವನ್ನು ನೀರಲ್ಲಿ ಗಟ್ಟಿಯಾಗಿ ಕಲಸಿ, ಒಂದೊಂದೇ ಕಿಂಡಿಗೆ ಹೆಬ್ಬೆರಳಿನಿಂದ ಒತ್ತಿ ತುಂಬಿದರು. ಅದರ ಮೇಲೆ ಕುಂಕುಮ. ನಳಿಗೆಯ ಬಾಯಿಗೆ ಒಂದು ದಪ್ಪ ಚೆಂಡು ಹೂವು. ನಾನು ತಡೆಯಲಿಲ್ಲ, ತಟ್ಟೆಯನ್ನು ಹತ್ತಿರ ಸರಿಸಿಕೊಟ್ಟೆ.

ಸಿದ್ರಾಮ ಬಂದು ನೋಡಿ ಕಿರುಚಿದ. "ಅವ್ವಾ, ಹೇ ಕಾಯ್ ಕೇಲಂ! ಇದೇನ ಮಾಡಿದಿ! ನಳಿಗ್ಯಾಗ ಕಡ್ಡಿ ಸಿಕ್ರೂ ಸಿಡೀತದ ಇದು! ಮೊದ್ಲ ಗುಂಡು, ಆಮ್ಯಾಲ ಪೂಜಿ ಅಲ್ಲೇನು?"

"ನಿಮ್ಮಪ್ಪ ಇದ್ದಾಗ ಹಂಗಿತ್ತು. ಆವಾಗ ಇದಕ ಕಿಂಡಿ ಇರ್ಲಿಲ್ಲ," ಎಂದರು ಅತ್ತೆ. "ಪೂಜಿ ಆದದ್ದು ನಾಳಿ ತನಕ ಕದಲಿಸಬಾರ್ದು. ಕೈ ಮುಗೀ."

ಆ ಮನೆಯಲ್ಲಿ ಪೂಜೆಯಾದ ಕುಡಗೋಲನ್ನೂ ಮರುದಿನದವರೆಗೆ ಯಾರೂ ಎತ್ತುವುದಿಲ್ಲ. ಸಿದ್ರಾಮ ಕೈ ಮುಗಿದ. ಕೈ ನಡುಗುತ್ತಿತ್ತು, ನಾನು ಕಣ್ಣು ತುಂಬ ನೋಡಿದೆ.

ಊಟಕ್ಕೆ ನಾನೇ ಆರಿಸಿ ಅವನ ಬಲಕ್ಕೆ ಕೂತೆ. ಒಣಗಿದ ಅರಿಶಿನ ಕೀಳುವುದು ಎಷ್ಟು ಕಷ್ಟವೆಂದೋ, ಎಲ್ಲ ನನ್ನದೇ ಕಿತಾಪತಿಯೆಂದೋ, ಊಟ ಮುಗಿಯುವ ತನಕ ಅವನು ನನ್ನ ಎಡಗಿವಿಗೆ ಹೇಳಿಯೇ ಹೇಳಿದ. ಒಳಗಿದ್ದ ಜೀರುಂಡೆಗೆ ಕೇಳಿಸಿರಬಹುದು. ನನ್ನ ಬಲಕ್ಕೆ ಸುವರ್ಣಾ ಬಗ್ಗಿ ಮೆಲ್ಲಗೆ, "ಹೋಳಿಗಿಗೆ ಇನ್ನಷ್ಟು ತುಪ್ಪ ಹಾಕ್ಲೇನ್ರಿ?" ಎಂದಳು.

ಅದು ಕೇಳಿಸಿತು. ಹಾಕು ಎಂದೆ.