ಹುಣಸೇಕಟ್ಟೆ ಹಾಲ್ಟಿನ ಸ್ಟೂಲ್ ಮೇಷ್ಟ್ರು

ನಾಯಂಡಹಳ್ಳಿ ದಾಟಿ ಕೆಂಗೇರಿ ಮುಟ್ಟುವ ಮೊದಲು ಮೈಸೂರು ಪ್ಯಾಸೆಂಜರ್ ಗಾಡಿ ಒಂದು ಕಡೆ ನಿಂತು, ಏನೋ ಮರೆತವರಂತೆ ಸುಮ್ಮನಿದ್ದು, ಮತ್ತೆ ಹೊರಡುತ್ತದೆ. ಅದೇ ಹುಣಸೇಕಟ್ಟೆ ಹಾಲ್ಟ್. ಅದರ ಚರಿತ್ರೆ ಚಿಕ್ಕದು. ಹಿಂದೆ ಅಲ್ಲೊಂದು ರೈಲ್ವೆ ಗೇಟಿತ್ತು. ಸಿಗ್ನಲ್ ಸಿಗದೆ ಗಾಡಿ ದಿನಾ ನಿಲ್ಲುತ್ತಿತ್ತು, ನಿಂತ ಗಾಡಿಯಿಂದ ಜನ ದಿನಾ ಧುಮುಕುತ್ತಿದ್ದರು. ಧುಮುಕುವವರನ್ನು ತಡೆಯಲಾರದೆ ಒಂದು ಹಳದಿ ಹಲಗೆ ನೆಟ್ಟು ಅದನ್ನು ನಿಲ್ದಾಣ ಮಾಡಲಾಯಿತು. ತಪ್ಪು ಬಹಳ ಕಾಲ ನಡೆದರೆ ನಮ್ಮಲ್ಲಿ ಅದಕ್ಕೆ ಸೌಲಭ್ಯ ಎಂದು ಹೆಸರು.

ಭೂಗೋಳ ಇನ್ನೂ ಚೆನ್ನ. ಹಳಿಯ ಆಚೆಗೊಂದು ಈಚೆಗೊಂದು ಪ್ಲಾಟ್‌ಫಾರ್ಮು. ಒಂದನೆಯದಕ್ಕೆ ತಗಡಿನ ಚಾವಣಿಯಿದೆ. ಅದರ ನೆರಳು ಬೆಳಗಿನ ಹೊತ್ತು ಶಿಸ್ತಾಗಿ ಹಳಿಯ ಮೇಲೆ ಬೀಳುತ್ತದೆ, ಆದ್ದರಿಂದ ಕಂಬಿಗಳು ತಣ್ಣಗಿರುತ್ತವೆ. ಶೌಚಾಲಯವೂ ಇದೆ, ಬೀಗದ ಕೈ ಕೆಂಗೇರಿಯಲ್ಲಿದೆ. ಮೇಲ್ಸೇತುವೆ ಹತ್ತಿ ಆಚೆ ಇಳಿದರೆ ಎದುರಿಗೆ ಅಪಾರ್ಟ್‌ಮೆಂಟಿನ ಕಾಂಪೌಂಡು ಗೋಡೆ. ಆ ಗೋಡೆಗೆ ಯಾರೋ ಪುಣ್ಯಾತ್ಮರು ಕೊರೆದಿರುವ ಕಿಂಡಿಯೇ ನಿಲ್ದಾಣದ ಮಹಾದ್ವಾರ. ಇಷ್ಟೆಲ್ಲ ಕಟ್ಟಿದವರು ನೆಲ ಎತ್ತರಿಸುವುದನ್ನು ಮಾತ್ರ ಮರೆತರು. ಪ್ಲಾಟೇನೋ ಇದೆ, ಇನ್ನೂ ಫಾರ್ಮಿಗೆ ಬಂದಿಲ್ಲ. ಅತ್ತ ಮೆಟ್ರೋದಲ್ಲಿ ಎಸ್ಕಲೇಟರ್ ಮೇಲೆ ಕಾಲೆತ್ತದೆ ಆಕಾಶಕ್ಕೇರುವ ಬೆಂಗಳೂರು, ಇತ್ತ ಸೆರಗು ಸೊಂಟಕ್ಕೆ ಸಿಕ್ಕಿಸಿ, ಏಣಿಯಿಲ್ಲದ ಅಟ್ಟ ಹತ್ತುವಂತೆ ರೈಲು ಹತ್ತುವ ಬೆಂಗಳೂರು.

ಈ ಅಟ್ಟವನ್ನು ತುಂಗಾ ಮೇಡಂ ವರ್ಷಾನುಗಟ್ಟಲೆ ಹತ್ತಿದರು. ಅವರು ಮದ್ದೂರಿನ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತಿದ್ದರು. ಅವರ ಮಂಡಿ ಮುಷ್ಕರ ಹೂಡಿದ ವರ್ಷ ಪತಿ ಜಗನ್ನಾಥ, ಅದೇ ತಾನೇ ನಿವೃತ್ತರಾಗಿದ್ದ ಡ್ರಿಲ್ ಮೇಷ್ಟ್ರು, ಮನೆಯಲ್ಲಿದ್ದ ಮರದ ಸ್ಟೂಲನ್ನು ಕಂಕುಳಲ್ಲಿಟ್ಟುಕೊಂಡು ಹಾಲ್ಟಿಗೆ ಬಂದರು. ತುಂಗಾ ಸಲೀಸಾಗಿ ಹತ್ತಿದರು. ಹಿಂದೆಯೇ ಒಬ್ಬ ಅಜ್ಜಿ, ಅವರ ಹಿಂದೆ ಬಿಡದಿಯ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಅಡುಗೆ ಮಾಡುವ ಮುನಿಲಕ್ಷ್ಮಮ್ಮ. ಮರುದಿನ ಸ್ಟೂಲಿಗೆ ಕ್ಯೂ.

ಈ ಏರ್ಪಾಟಿನಲ್ಲೊಂದು ತೊಡಕಿತ್ತು. ಹತ್ತಿದವರು ಸ್ಟೂಲು ಒಯ್ದರೆ ಮುಂದಿನ ಗಾಡಿಯವರಿಗಿಲ್ಲ, ಬಿಟ್ಟುಹೋದರೆ ಅದನ್ನು ಯಾರಾದರೂ ಕಾಪಿ ಕಾಯಿಸಲು ಒಲೆಗೆ ಹಾಕುತ್ತಾರೆ. ಹೀಗಾಗಿ ಹುಣಸೇಕಟ್ಟೆಗೆ ಎಲ್ಲಿಗೂ ಹೋಗದ ಒಬ್ಬ ಮನುಷ್ಯ ಬೇಕಾದ. ಮೇಷ್ಟ್ರು ಹುಟ್ಟಿದ್ದೇ ಅದಕ್ಕೆ. ಬೆಳಗ್ಗೆ ಒಂದನೆಯ ಪ್ಲಾಟ್‌ಫಾರ್ಮು, ಸಂಜೆ ಎರಡನೆಯದು. ಊರೆಲ್ಲ ಹಳಿ ದಾಟಿದರೂ ಅವರು ಮಾತ್ರ ಸ್ಟೂಲು ಹೊತ್ತು ಮೇಲ್ಸೇತುವೆ ಹತ್ತಿ ಇಳಿಯುತ್ತಿದ್ದರು. ಆ ಸೇತುವೆ ಕಟ್ಟಿದ್ದು ಅವರೊಬ್ಬರಿಗಾಗಿ ಎಂದು ಲೆಕ್ಕ ಬರೆದಿದ್ದರೂ ತಪ್ಪಾಗುತ್ತಿರಲಿಲ್ಲ.

ಗಾಡಿ ನಿಂತರೆ ಸಾಕು, ಆಜ್ಞೆ ಶುರು: “ಬಲಗಾಲು ಮೊದಲು! ಕೆಳಗೆ ನೋಡ್ಬೇಡಿ! ಮುಂದೆ, ಮುಂದೆ!”

“ಮೇಷ್ಟ್ರೇ, ರೈಲ್ ಹತ್ತೋದಾ, ಪರೇಡ್ ಮಾಡೋದಾ?” ಎಂದು ಮುನಿಲಕ್ಷ್ಮಮ್ಮ ಗೊಣಗುತ್ತಲೇ ಬಲಗಾಲಿಡುತ್ತಿದ್ದರು.

ಆಯಿತು, ತುಂಗಾ ಮೇಡಂ ನಿವೃತ್ತರಾದರು. ಶಾಲೆಯವರು ಶಾಲು ಹೊದಿಸಿದರು. ಮನೆಗೆ ಬಂದು ಅವರು ಗಂಡನನ್ನು ಕೇಳಿದ್ದು ಒಂದೇ.

“ರೀ, ಇಷ್ಟು ವರ್ಷ ಕಿಟಕಿಯಾಚೆ ನೀವು ಚಿಕ್ಕೋರಾಗ್ತಾ ಹೋಗೋದನ್ನ ದಿನಾ ನೋಡಿದೀನಿ. ಒಂದ್ಸಲ ಮೈಸೂರಿಗೆ ಹೋಗಿ ಬರೋಣ. ನೀವು ಪಕ್ಕದಲ್ಲಿ ಕೂತಿರ್ಬೇಕು, ಅಷ್ಟೇ.”

“ಅದಕ್ಕೇನಂತೆ, ಹೋಗೋಣ,” ಎಂದರು ಮೇಷ್ಟ್ರು, ಸ್ಟೂಲಿನ ಧೂಳು ಒರೆಸುತ್ತ.

ಹೊರಟ ದಿನ ತುಂಗಾ ಪುಳಿಯೋಗರೆ ಕಟ್ಟಿಕೊಂಡರು. ಗಾಡಿ ಬಂತು. ಮೇಷ್ಟ್ರು ಸ್ಟೂಲಿಟ್ಟು ಎಲ್ಲರನ್ನೂ ಹತ್ತಿಸಿದರು, ಹೆಂಡತಿಯನ್ನೂ ಹತ್ತಿಸಿದರು. ಆಮೇಲೆ ನೋಡಿದರೆ ಕೆಳಗೆ ಉಳಿದವರು ಇಬ್ಬರೇ: ತಾವು ಮತ್ತು ಸ್ಟೂಲು.

“ತುಂಗಾ! ಇದನ್ನೇನೇ ಮಾಡ್ಲಿ?” ಎಂದು ಅವರು ಕೂಗುವಷ್ಟರಲ್ಲಿ ಗಾಡಿ ಹೊರಟಿತು. ಹಳೇ ಅಭ್ಯಾಸದಂತೆ ಮೇಷ್ಟ್ರು ಚಿಕ್ಕವರಾಗುತ್ತ ಹೋದರು.

ತುಂಗಾ ಕೆಂಗೇರಿಯಲ್ಲಿಳಿದು ಆಟೋದಲ್ಲಿ ಮನೆಗೆ ಬಂದರು. ಡಬ್ಬಿಯನ್ನು ಗಂಡನ ಮುಂದೆ ಕುಕ್ಕಿದರು. “ತಿನ್ನಿ. ಮೈಸೂರ್ ನೋಡ್ಕೊಂಡ್ ಬಂದಿರೋ ಪುಳಿಯೋಗರೆ.” ಅಷ್ಟೇ. ಅಂದಿನಿಂದ ಅವರು ಮೈಸೂರಿನ ಮಾತೆತ್ತಲಿಲ್ಲ. ಮೇಷ್ಟ್ರು ಸಂಜೆ ಹೊರಟಾಗ “ಬೇಗ ಬನ್ನಿ” ಎನ್ನುವುದನ್ನೂ ಬಿಟ್ಟರು. ಮೇಷ್ಟ್ರಿಗೆ ತಳಮಳವಾಯಿತು, ಆದರೆ ಕರ್ತವ್ಯವೂ ಕರೆಯಿತು. ಎರಡೂ ಒಟ್ಟಿಗೆ ಬಂದಾಗ ಗಂಡಸರು ಸಾಮಾನ್ಯವಾಗಿ ಮನೆಯಿಂದ ಹೊರಗಿರುವುದನ್ನೇ ಆರಿಸಿಕೊಳ್ಳುತ್ತಾರೆ.

ಸುದ್ದಿ ಹಾಲ್ಟಿಗೆಲ್ಲ ಹಬ್ಬಿತು. ಕಿಂಡಿಯ ಪಕ್ಕದ ಅಪಾರ್ಟ್‌ಮೆಂಟಿನಲ್ಲಿ ಗಾರೆ ಕೆಲಸ ಮಾಡುವ ಈರಪ್ಪ ಮುಂದೆ ಬಂದ. ಗದಗ ಕಡೆಯವನು.

“ಒಂದ್ ದಿನ ನಾ ಹಿಡೀತೀನಿ ತಗೋರಿ ಸರ. ಅಮ್ಮಾರ್ ಜೋಡಿ ನೀವು ಹೋಗಿ ಬರ್ರಿ.”

“ಆಗಲ್ಲಪ್ಪ ಈರಪ್ಪ. ನೋಡೋಕೆ ಸುಲಭ. ಇದಕ್ಕೆ ಪ್ರಾಕ್ಟೀಸ್ ಬೇಕು.”

ತಲೆಯ ಮೇಲೆ ಸಾಲಿಡ್ ಬ್ಲಾಕು ಹೊತ್ತು ದಿನಾ ನಾಲ್ಕು ಮಹಡಿ ಹತ್ತುವ ಈರಪ್ಪ, ಸ್ಟೂಲು ಹಿಡಿಯುವಷ್ಟು ಪ್ರಾಕ್ಟೀಸು ತನಗಿಲ್ಲವೆಂದು ಒಪ್ಪಿಕೊಂಡು ಹೋದ.

ಮುಂದಿನ ಭಾನುವಾರ ಮೇಷ್ಟ್ರು ಹಾಲ್ಟಿಗೆ ಬಂದರೆ, ಹಿಂದೆಯೇ ತುಂಗಾ. ಕೈಯಲ್ಲಿ ಮತ್ತೆ ಡಬ್ಬಿ. ಬಟ್ಟೆ ಒಣಹಾಕುವ ಹಗ್ಗವನ್ನು ಸ್ಟೂಲಿನ ಕಾಲಿಗೆ ಬಿಗಿದು, ಇನ್ನೊಂದು ತುದಿಯನ್ನು ಕೈಗೆ ಸುತ್ತಿಕೊಂಡರು. ಗಾಡಿ ಬಂತು. ಎಲ್ಲರೂ ಹತ್ತಿದರು, ತುಂಗಾ ಹತ್ತಿದರು, ಬಾಗಿಲಲ್ಲಿ ನಿಂತು ಹಗ್ಗ ಅಲ್ಲಾಡಿಸಿದರು.

“ಹತ್ರೀ. ನೀವು ಹತ್ತಿದ್ಮೇಲೆ ಎಳ್ಕೋತೀನಿ. ಬಾವಿಯಿಂದ ನೀರ್ ಸೇದೋ ಹಾಗೆ.”

ಅಷ್ಟು ವರ್ಷ ಯಾರಿಗೂ ಹೊಳೆಯದಿದ್ದ ಉಪಾಯ ಮೇಷ್ಟ್ರನ್ನು ಕಂಗೆಡಿಸಿತು. “ಒಂಬತ್ತು ಗಂಟೆ ಗಾಡಿಯೋರು ಏನ್ ಮಾಡ್ತಾರೆ?”

ಒಳಗಿಂದ ಮುನಿಲಕ್ಷ್ಮಮ್ಮ ತಲೆ ಹಾಕಿದರು. ಆವತ್ತು ಅವರಿಗೆ ಭಾನುವಾರದ ಪಾಳಿ. “ನಿಮ್ ಸ್ಟೂಲ್ ಹುಟ್ಟೋಕ್ ಮುಂಚೆ ನಾವೇನು ರೈಲೇ ಹತ್ತಿರ್ಲಿಲ್ವಾ ಮೇಷ್ಟ್ರೇ? ಗಾರ್ಡು ಸೀಟಿ ಊದ್ತಾನೆ, ಹತ್ತಿ! ಬಲಗಾಲು ಮೊದಲು!”

ಮೇಷ್ಟ್ರು ಹತ್ತಿದರು. ಸ್ಟೂಲು ಅವರ ಹಿಂದೆ ಗಾಳಿಯಲ್ಲಿ ತೂಗಾಡುತ್ತ ಮೇಲೆ ಬಂತು.

ಆದರೆ ಗಾಡಿಯಲ್ಲಿ ಕೂರಲು ಜಾಗವೆಲ್ಲಿ? ಮೈಸೂರಿನ ತನಕ ಇಬ್ಬರೂ ನಿಂತೇ ಹೋದರು. ಅಲ್ಲಿನ ಪ್ಲಾಟ್‌ಫಾರ್ಮು ಬಾಗಿಲಿಗೆ ಸರಿಸಮ, ಸ್ಟೂಲಿಗೆ ಕೆಲಸವೇ ಇಲ್ಲ. ಆದರೂ ಅದನ್ನು ಬಿಟ್ಟುಬರಲಾದೀತೇ? ದಿನವಿಡೀ ಅದು ಮೇಷ್ಟ್ರ ಕಂಕುಳಲ್ಲಿ ಮೈಸೂರು ನೋಡಿತು. ಟಾಂಗಾದವನೊಬ್ಬ “ಮಾರೋದಾ ಸಾರ್?” ಎಂದು ಚೌಕಾಸಿಗಿಳಿದ. ಅರಮನೆಯ ಮುಂದೆ ತೆಗೆಸಿದ ಫೋಟೋದಲ್ಲಿ ಈ ಕಡೆ ತುಂಗಾ, ಆ ಕಡೆ ಮೇಷ್ಟ್ರು, ನಡುವೆ ಒಬ್ಬನೇ ಮಗನಂತೆ ಸ್ಟೂಲು.

ಸಂಜೆಯ ಗಾಡಿಯಲ್ಲಿ ನೂಕುನುಗ್ಗಲು ಇನ್ನೂ ಜೋರು. ಶ್ರೀರಂಗಪಟ್ಟಣ ದಾಟುವಾಗ ತುಂಗಾರ ಮಂಡಿ ಮಾತಾಡತೊಡಗಿತು. ಅವರು ಗಂಡನ ಕಂಕುಳಿನಿಂದ ಸ್ಟೂಲು ಕಿತ್ತುಕೊಂಡು, ಬಾಗಿಲ ಪಕ್ಕದ ಮೂಲೆಯಲ್ಲಿಟ್ಟು ಕೂತೇಬಿಟ್ಟರು. ಸ್ಟೂಲಿನ ಮೇಲೆ ಕೂರಬಹುದೆನ್ನುವುದು ಮೇಷ್ಟ್ರಿಗೆ ಮರೆತೇಹೋಗಿತ್ತು.

ತುಂಗಾ ಅರ್ಧ ಸರಿದರು. “ಬನ್ರೀ.”

“ಎಲ್ಲಿ ಹಿಡ್ಸತ್ತೆ?”

“ಅರ್ಧ ಸಾಕು. ಕೂತ್ಕೊಳ್ಳಿ ಅಂದ್ರೆ.”

ಅರ್ಧ ಮೇಷ್ಟ್ರು ಸ್ಟೂಲಿನ ಮೇಲೆ, ಇನ್ನರ್ಧ ಗಾಳಿಯಲ್ಲಿ. ಹಾಗೇ ಮದ್ದೂರು ಬಂತು, ಹೋಯಿತು. ತುಂಗಾ ಕಿಟಕಿಯ ಕಡೆ ನೋಡಲೇ ಇಲ್ಲ.

ಕೆಂಗೇರಿ ದಾಟಿದೊಡನೆ ಮೇಷ್ಟ್ರಿಗೆ ಚಡಪಡಿಕೆ. “ತುಂಗಾ, ಕೆಳಗೆ ಸ್ಟೂಲ್ ಇಡೋಕೆ ನಾನಿಲ್ವಲ್ಲೇ! ನಿನ್ನ ಮಂಡಿ ಗತಿ?”

ತುಂಗಾ ಕೂತಲ್ಲಿಂದ ಏಳಲಿಲ್ಲ.

ಗಾಡಿ ಹುಣಸೇಕಟ್ಟೆಯಲ್ಲಿ ನಿಂತಿತು. ಮೇಷ್ಟ್ರು ಬಾಗಿಲಲ್ಲಿ ಬಗ್ಗಿ ನೋಡಿದರು. ಕೆಳಗೆ ಸಾಲಿಡ್ ಬ್ಲಾಕುಗಳನ್ನು ಜೋಡಿಸಿದ ಮೆಟ್ಟಿಲು. ಪಕ್ಕದಲ್ಲಿ ಸಿಮೆಂಟು ಮೆತ್ತಿದ ಕೈ ಚಾಚಿ ಈರಪ್ಪ.

“ಬಲಗಾಲು ಮೊದಲ್ ಇಡ್ರಿ ಸರ! ಕೆಳಗ ನೋಡಬ್ಯಾಡ್ರಿ!”

“ಇದ್ಯಾವಾಗ ಮಾಡ್ದೆಯೋ?”

“ಮುಂಜಾನೆ ಒಂಬತ್ತರ ಗಾಡಿಯಿಂದ ಹಿಂಗ ನಡದೈತ್ರಿ. ಮುಂದ, ಮುಂದ! ಹಿಂದ ಮಂದಿ ಅದಾರ.”

ಗಾಬರಿಯಲ್ಲಿ ಮೇಷ್ಟ್ರು ಎಡಗಾಲಿಟ್ಟರು. ಆದರೂ ಬೀಳಲಿಲ್ಲ. ನೆಲ ಮುಟ್ಟಿ ತಿರುಗಿ, ಅಭ್ಯಾಸಬಲದಿಂದ ಎರಡೂ ಕೈ ಚಾಚಿದರು: “ಕೊಡು, ಸ್ಟೂಲ್ ಕೊಡು ಇಲ್ಲಿ, ಸರಿಯಾಗಿ ಇಡ್ತೀನಿ.”

ತುಂಗಾ ಸ್ಟೂಲನ್ನು ತಮ್ಮ ಕಂಕುಳಿಗೇ ಏರಿಸಿ, ಈರಪ್ಪನ ಕೈ ಹಿಡಿದು, ಬ್ಲಾಕಿನ ಮೇಲೆ ಕಾಲಿಟ್ಟು ಇಳಿದರು.

“ಇದು ಇನ್ಮೇಲೆ ಹತ್ತೋಕಲ್ಲ ರೀ, ಕೂರೋಕೆ. ಮುಂದಿನ ಭಾನುವಾರ ನಂಜನಗೂಡು.”